ಇನ್ನೊಂದು ಸಲ ಹೇಳು

ದೇವರು ಮನುಷ್ಯನಿಗೆ ಕಿವಿ ಕೊಟ್ಟದ್ದು ಕೇಳಲಿಕ್ಕೆ ಎಂದೇ ನಾನು ನಿವೃತ್ತನಾಗುವವರೆಗೂ ನಂಬಿದ್ದೆ. ಕೊರೊನಾ ಬಂದ ಮೇಲೆ ಗೊತ್ತಾಯಿತು, ಅದು ಬರೀ ಗೂಟ. ಬಡಗಿ ಅದರಲ್ಲಿ ಪೆನ್ಸಿಲ್ ಸಿಕ್ಕಿಸುತ್ತಾನೆ, ಬೀಡಿ ಸೇದುವವನು ಅರ್ಧ ಬೀಡಿ, ದೇವಸ್ಥಾನದಿಂದ ಬಂದವನು ಪ್ರಸಾದದ ಹೂವು. ನನ್ನ ಕಿವಿಗಳ ಮೇಲೆ ಮೊದಲೇ ಕನ್ನಡಕದ ಕಾಲುಗಳಿದ್ದವು. ಅದರ ಮೇಲೆ ಮಾಸ್ಕಿನ ದಾರ ಬಂತು. ಕನ್ನಡಕ ತೆಗೆದರೆ ಮಾಸ್ಕು ಬೀಳುತ್ತಿತ್ತು, ಮಾಸ್ಕು ಸರಿಪಡಿಸಿದರೆ ಕನ್ನಡಕಕ್ಕೆ ಆವಿ ಹತ್ತಿಕೊಂಡು ಲೋಕವೆಲ್ಲ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ ಕಾಣುತ್ತಿತ್ತು. ಇಷ್ಟು ಹೊರೆ ಹೊತ್ತ ಕಿವಿ ತನ್ನ ಮೂಲ ಕಸುಬನ್ನು ಬಿಟ್ಟುಬಿಟ್ಟದ್ದು ನನ್ನ ಗಮನಕ್ಕೆ ಬರಲಿಲ್ಲ.

ಗಮನಕ್ಕೆ ಬರಬೇಕಾಗಿತ್ತು. ಏಕೆಂದರೆ ನಾನು ಅನ್ನ ತಿಂದದ್ದೇ ಕಿವಿಯಿಂದ. ಶ್ರೀನಿವಾಸಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿದವನು. ಟ್ರಂಕ್ ಕಾಲಿನ ಕಾಲ ಅದು. ಮುಳಬಾಗಿಲ ಕಡೆಯ ಲೈನಿನಲ್ಲಿ ಗಾಳಿ ಎದ್ದರೆ ಮಾತು ಪುರಿ ಹುರಿದ ಹಾಗೆ ಚಟಪಟ ಅನ್ನುತ್ತಿತ್ತು. ಆ ಚಟಪಟದ ನಡುವಿನಿಂದ ಊರು, ನಂಬರು, ಹೆಸರು ಎಲ್ಲವನ್ನೂ ಹೆಕ್ಕಿ ತೆಗೆಯುತ್ತಿದ್ದೆ. ಆಚೆಯವರು ಬಾಯಿ ತೆರೆಯುವ ಮೊದಲೇ ಉಸಿರಿನಿಂದ ಸುದ್ದಿ ಶುಭವೋ ಅಶುಭವೋ ಹೇಳಬಲ್ಲೆ ಎಂದು ಜಂಬವೂ ಇತ್ತು. ಅಂಥ ಕಿವಿ ಅರವತ್ತು ದಾಟಿದ ಮೇಲೂ ಅಷ್ಟೇ ಚುರುಕಾಗಿದೆ ಎಂದು ನಂಬಿಕೊಂಡಿದ್ದು ನನ್ನ ತಪ್ಪಲ್ಲ. ನಿವೃತ್ತ ಪೈಲ್ವಾನನೂ ಕನ್ನಡಿಯಲ್ಲಿ ತೊಡೆ ತಟ್ಟಿ ನೋಡಿಕೊಳ್ಳುತ್ತಾನೆ.

ಲಾಕ್‌ಡೌನ್ ಶುರುವಾದಾಗ ನಮ್ಮಂಥ ಪಿಂಚಣಿದಾರರಿಗೆ ಏನು ಕಷ್ಟ ಎಂದು ಎಲ್ಲರೂ ಅಂದುಕೊಂಡರು. ಹೇಗೂ ಮನೆಯಲ್ಲೇ ಇರುವವರು! ಆದರೆ ಮನೆಯಲ್ಲಿ ಇರುವುದಕ್ಕೂ ಮನೆಯಲ್ಲಿ ಇರಿಸಲ್ಪಡುವುದಕ್ಕೂ ವ್ಯತ್ಯಾಸವಿದೆ. ನನ್ನ ಹೆಂಡತಿ ಪದ್ಮ, ಪೇಪರು ಬಂದರೆ ಅದನ್ನು ಮಧ್ಯಾಹ್ನದವರೆಗೆ ಬಿಸಿಲಿಗೆ ಒಣಹಾಕುತ್ತಿದ್ದಳು. ಸುದ್ದಿ ಹಪ್ಪಳವಾದ ಮೇಲೆ ನನ್ನ ಕೈಗೆ. ಬದನೆಕಾಯಿಗೆ ಉಪ್ಪುನೀರಿನ ಸ್ನಾನ, ಹಾಲಿನ ಪ್ಯಾಕೆಟ್ಟಿಗೆ ಸೋಪು, ನನಗೆ ಎರಡೂ. ಯಾರಿಗಾದರೂ ಫೋನು ಮಾಡಿ ಮನಸ್ಸು ಹಗುರ ಮಾಡಿಕೊಳ್ಳೋಣ ಎಂದರೆ ಗಂಟೆ ಬಾರಿಸುವ ಮೊದಲು ಸರ್ಕಾರದ ಕೊರೊನಾ ಎಚ್ಚರಿಕೆಯ ರೆಕಾರ್ಡಿನಲ್ಲಿ ಯಾರೋ ಒಬ್ಬ ಕೆಮ್ಮುತ್ತಿದ್ದ. ಜೀವಮಾನವೆಲ್ಲ ಜನರಿಗೆ ಲೈನು ಕೊಡಿಸಿದವನಿಗೆ, ಲೈನಿನ ಬಾಗಿಲಲ್ಲೇ ಒಬ್ಬ ಕೆಮ್ಮುವವನನ್ನು ಕೂರಿಸಿದ್ದು ಅವಮಾನವೆನಿಸುತ್ತಿತ್ತು.

ಆಮೇಲೆ ಬೀಗ ಸ್ವಲ್ಪ ಸಡಿಲವಾಯಿತು. ಮಾಸ್ಕು ಹಾಕಿಕೊಂಡು ಪೇಟೆಗೆ ಹೋಗಬಹುದು ಎಂದರು. ಹೋದೆ. ಊರಿಗೆ ಏನೋ ಆಗಿತ್ತು. ಎಲ್ಲರೂ ಪಿಸುಗುಟ್ಟುತ್ತಿದ್ದರು. ರೋಗದ ಭಯಕ್ಕೆ ಜನರ ಗಂಟಲೇ ಇಳಿದುಹೋಗಿದೆ, ಪಾಪ ಎಂದುಕೊಂಡೆ. ಸುಗಟೂರಿನಿಂದ ತರಕಾರಿ ತಂದು ಮಾರುವ ಅಂಜಮ್ಮ ಏನೋ ಕೇಳಿದಳು. "ಚೆನ್ನಾಗಿದ್ದೀನಮ್ಮ, ನೀನು ಹೆಂಗಿದ್ದೀಯ?" ಎಂದೆ. ಅವಳು ಕೇಳಿದ್ದು "ಚೀಲ ತಂದಿದ್ದೀರಾ?" ಅಂತ. ಔಷಧಿ ಅಂಗಡಿಯವನು "ಚೀಟಿ ಇದೆಯಾ?" ಎಂದದ್ದಕ್ಕೆ "ಬಿ.ಪಿ. ಇದೆ, ಬಹಳ ವರ್ಷದಿಂದ ಇದೆ" ಎಂದು ಆತನಿಗೆ ಬೇಡದ ಚರಿತ್ರೆಯನ್ನೆಲ್ಲ ಒಪ್ಪಿಸಿದೆ.

ಎರಡು ದಿನದಲ್ಲಿ ಒಂದು ಉಪಾಯ ಕಂಡುಕೊಂಡೆ. ಲೋಕದ ಯಾವ ಮಾತಿಗೂ ಹೊಂದುವ ಮೂರು ಉತ್ತರಗಳಿವೆ. "ಹೌದೌದು", "ಅದೂ ನಿಜವೇ", "ಒಳ್ಳೇದೇ ಆಯ್ತು ಬಿಡಿ". ಇವುಗಳನ್ನು ತಲೆಯಾಡಿಸುತ್ತ ಒಂದಾದ ಮೇಲೊಂದು ಉರುಳಿಸುತ್ತಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಅಷ್ಟೇ ಅಲ್ಲ, ಒಳ್ಳೆಯ ಕೇಳುಗ ಎಂಬ ಹೆಸರೂ ಬರುತ್ತದೆ. ನಮ್ಮ ಬೀದಿಯಲ್ಲಿ ನನಗೆ ಆ ಹೆಸರು ಬರುವುದರಲ್ಲಿತ್ತು. ಅಷ್ಟರಲ್ಲಿ ವೆಂಕಟರೆಡ್ಡಿ ಬಂದ.

ವೆಂಕಟರೆಡ್ಡಿ ನಮ್ಮ ಎಕ್ಸ್‌ಚೇಂಜಿನಲ್ಲೇ ಲೈನ್‌ಮನ್ ಆಗಿದ್ದವನು. ನಾನು ಒಳಗೆ ಕೂತು ಲೈನು ಕೊಡುತ್ತಿದ್ದೆ, ಅವನು ಹೊರಗೆ ಕಂಬ ಹತ್ತುತ್ತಿದ್ದ. ಅವನ ಊರು ಯಲ್ದೂರು. ಅಲ್ಲೊಂದು ಮಾವಿನ ತೋಟವಿದೆ. ನಿವೃತ್ತನಾದ ಮೇಲೆ ತೋಟ ನೋಡಿಕೊಂಡಿದ್ದರೂ ದಿನ ಬಿಟ್ಟು ದಿನ ಬಸ್ಸು ಹತ್ತಿ ಬಂದು, ಹಳೇ ಆಫೀಸಿನ ಪಕ್ಕದ ಹೊಂಗೆ ಮರದ ಕಟ್ಟೆಯ ಮೇಲೆ ನನ್ನ ಜೊತೆ ಕೂತು ಹೋಗುತ್ತಿದ್ದ. ಲಾಕ್‌ಡೌನಿನಲ್ಲಿ ಅದು ತಪ್ಪಿ, ಬರೀ ಫೋನಾಗಿತ್ತು. ಕಡೆಯ ಸಲ ಸ್ಪೀಕರ್ ಪೂರ್ತಿ ಏರಿಸಿ ಫೋನಿನಲ್ಲಿ ಮಾತಾಡಿದಾಗ ಅವನದು ಒಂದೇ ಗೋಳು. ಬಾದಾಮಿ ಹಣ್ಣು ಇಳಿಸಿ ಶೆಡ್ಡಿನಲ್ಲಿ ರಾಶಿ ಹಾಕಿದ್ದೀನಿ, ಲಾರಿ ಬರ್ತಿಲ್ಲ, ಒಂದೊಂದೇ ಮೆತ್ತಗಾಗ್ತಿವೆ ಎಂದು.

ಆ ದಿನ ಅವನು ಕಟ್ಟೆಯ ಆ ತುದಿಯಲ್ಲಿ ಕೂತ, ನಾನು ಈ ತುದಿಯಲ್ಲಿ. ತಲೆಗೆ ಟವಲು ಸುತ್ತಿ ಅದರ ಚುಂಗನ್ನೇ ಬಾಯಿಗೂ ಕಟ್ಟಿಕೊಂಡಿದ್ದ. ನೆಲ ನೋಡುತ್ತ ಏನೋ ಹೇಳಿದ. ನನ್ನ ಕಿವಿಗೆ ಕೊನೆಯ ತುಣುಕು ಮಾತ್ರ ಮಸುಕಾಗಿ ಬಂತು, "...ಹೋಗ್ಬಿಡ್ತು" ಅಂದ ಹಾಗೆ.

ನನಗೆ ಖುಷಿಯಾಯಿತು. ಅಂತೂ ಲಾರಿ ಬಂದು ಹಣ್ಣು ಸಾಗಿದೆ!

"ಒಳ್ಳೇದೇ ಆಯ್ತು ಬಿಡು ರೆಡ್ಡಿ," ಎಂದೆ. "ಎಷ್ಟು ದಿನ ಅಂತ ಮನೇಲಿಟ್ಕೊಂಡು ಕೂತಿರ್ತಿದ್ದೆ? ಇನ್ನೆರಡು ದಿನ ಬಿಟ್ಟಿದ್ರೆ ಕೊಳ್ತು ನಾರ್ತಿತ್ತು."

ರೆಡ್ಡಿ ತಲೆಯೆತ್ತಿ ನನ್ನನ್ನು ನೋಡಿದ. ಕಣ್ಣು ಮಾತ್ರ ಕಾಣುತ್ತಿತ್ತು. ಎದ್ದು, ಪಂಚೆ ಕೊಡವಿಕೊಂಡು, ಹಿಂದಿರುಗಿ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ಹೊರಟುಹೋದ. ಬಸ್ಸಿಗೆ ಹೊತ್ತಾಯಿತೇನೋ ಎಂದುಕೊಂಡು ನಾನು ಕೈಯೂ ಬೀಸಿದೆ.

ಊಟಕ್ಕೆ ಕೂತಾಗ ಪದ್ಮ ಸಾರು ಬಡಿಸುತ್ತ, "ರೆಡ್ಡಿಯವರ ಅಕ್ಕ ಹೋಗ್ಬಿಟ್ರಂತೆ ರೀ. ಈಗ್ತಾನೆ ಯಲ್ದೂರಿಂದ ಫೋನ್ ಬಂದಿತ್ತು. ನಾಲ್ಕು ದಿನ ಆಯ್ತಂತೆ. ಇಲ್ಲಿ ಯಾರಿಗೂ ಹೇಳಿಲ್ಲ ಪಾಪ," ಎಂದಳು.

ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ಉಳಿಯಿತು.

ಆ ಅಕ್ಕ ನನಗೆ ಗೊತ್ತಿದ್ದರು. ರೆಡ್ಡಿ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ಗಂಡ ಸತ್ತು ತವರಿಗೆ ಬಂದಿದ್ದ ಈ ಅಕ್ಕನೇ ಅವನನ್ನು ಸಾಕಿದ್ದು. ಹಾಸಿಗೆ ಹಿಡಿದಿದ್ದರು. ಅವರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಂಡವನ ಮುಖಕ್ಕೆ ನಾನು ಹೇಳಿದ ಮಾತನ್ನು ಮತ್ತೊಮ್ಮೆ ಮನಸ್ಸಿನಲ್ಲಿ ಹೇಳಿಕೊಂಡೆ. ಒಂದೊಂದು ಪದವೂ ಬೇಕೆಂದೇ ಆರಿಸಿಟ್ಟ ಹಾಗಿತ್ತು.

ತಕ್ಷಣ ಫೋನು ಮಾಡಿದೆ. ಕೆಮ್ಮುವವನು ಕೆಮ್ಮಿದ. ಆಮೇಲೆ ಗಂಟೆ ಹೊಡೆದುಕೊಂಡಿತು. ರೆಡ್ಡಿ ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ.

ನಡೆದದ್ದನ್ನು ಪದ್ಮನಿಗೆ ಹೇಳಿದೆ. ಅವಳು ಬೈಯಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಏನೋ ಹೇಳಿದಳು.

"ಏನೇ?" ಎಂದೆ.

ಸೆರಗು ತೆಗೆದು, ಅದೇ ದನಿಯಲ್ಲಿ, "ಸಾರಿಗೆ ಉಪ್ಪು ಸಾಕಾ?" ಎಂದಳು. ಸ್ಪಷ್ಟವಾಗಿ ಕೇಳಿಸಿತು. ಮತ್ತೆ ಸೆರಗು ಅಡ್ಡ ಹಿಡಿದಳು. ಮತ್ತೆ ಬರೀ ಗುಂಯ್.

"ನಿಮಗೆ ಕಿವಿ ಕೇಳ್ಸಲ್ಲ ರೀ. ಬಾಯಿ ನೋಡ್ಕೊಂಡು ಮಾತಾಡ್ತಿದ್ರಿ ಇಷ್ಟು ದಿವ್ಸ. ನಂಗೆ ಯಾವಾಗ್ಲೋ ಗೊತ್ತಿತ್ತು. ಹೇಳಿದ್ರೆ ರೇಗ್ತಿದ್ರಿ."

ಊರು ಪಿಸುಗುಟ್ಟುತ್ತಿರಲಿಲ್ಲ. ಊರಿನ ತುಟಿ ಮುಚ್ಚಿಹೋಗಿತ್ತು, ಅಷ್ಟೆ. ನನಗೇ ತಿಳಿಯದಂತೆ ನನ್ನ ಕಣ್ಣು ಎಷ್ಟೋ ವರ್ಷಗಳಿಂದ ಕಿವಿಯ ಕೆಲಸವನ್ನೂ ಮಾಡುತ್ತ ಬಂದಿತ್ತು, ರಜೆಯ ಮೇಲೆ ಹೋದ ಸಹೋದ್ಯೋಗಿಯ ಸಹಿಯನ್ನೂ ತಾನೇ ಹಾಕುವ ಗುಮಾಸ್ತನ ಹಾಗೆ.

ನಾನು ಸುಮ್ಮನೆ ಕೂತು ಮರುಗುವ ಪೈಕಿಯಲ್ಲ. ಕಿವಿಗೆ ಮಷಿನ್ ಹಾಕಿಸಿಕೊಂಡೇ ರೆಡ್ಡಿಯ ಮುಂದೆ ನಿಲ್ಲುತ್ತೇನೆ ಎಂದು ಹಟ ತೊಟ್ಟೆ. ಮರುದಿನವೇ ಕೋಲಾರದ ಬಸ್ಸು ಹಿಡಿದೆ. ಒಂದು ಸೀಟು ಬಿಟ್ಟು ಒಂದಕ್ಕೆ ಬಣ್ಣದಲ್ಲಿ ಅಡ್ಡಗೆರೆ ಹಾಕಿದ್ದರು. ಕಿವಿ ಪರೀಕ್ಷೆಯ ಜಾಗದಲ್ಲಿ, ಮಾಸ್ಕಿನ ಮೇಲೆ ಪ್ಲಾಸ್ಟಿಕ್ಕಿನ ಪರದೆಯನ್ನೂ ಹಾಕಿಕೊಂಡ ಒಬ್ಬ ಹುಡುಗಿ ನನ್ನನ್ನು ಗಾಜಿನ ಗೂಡಿನೊಳಗೆ ಕೂರಿಸಿ, ತಲೆಗೆ ಹೆಡ್‌ಫೋನು ತೊಡಿಸಿದಳು. ಶಬ್ದ ಬಂದಾಗಲೆಲ್ಲ ಬಟನ್ ಒತ್ತಬೇಕೆಂದು ಕೈಸನ್ನೆ ಮಾಡಿದಳು. ಹೆಡ್‌ಫೋನು ತಲೆಗೇರಿದ್ದೇ ತಡ, ನನ್ನೊಳಗಿನ ಆಪರೇಟರು ನೆಟ್ಟಗೆ ಎದ್ದು ಕೂತ. ಒಂದೂ ಬಿಡಬಾರದೆಂದು ಬಟನ್ ಒತ್ತಿದೆ, ಒತ್ತುತ್ತಲೇ ಹೋದೆ. ಹುಡುಗಿ ಬಾಗಿಲು ತೆರೆದು ನನ್ನ ಕಿವಿಯ ಹತ್ತಿರವೇ ಬಂದು ಜೋರಾಗಿ, "ಅಂಕಲ್, ನಾನಿನ್ನೂ ಶುರುನೇ ಮಾಡಿಲ್ಲ," ಎಂದಳು.

ಅಂತೂ ಮಷಿನ್ ಬಂತು, ಒಂದೊಂದು ಕಿವಿಗೆ ಒಂದೊಂದು. ಅವರೆಕಾಳಿನ ಗಾತ್ರದ್ದು, ಕಿವಿಯ ಹಿಂದೆ ಕೂರುವಂಥದ್ದು. ಮನೆಗೆ ಬಂದು ಹಾಕಿಕೊಂಡರೆ ಲೋಕ ನನ್ನ ಮೇಲೆ ಬಿತ್ತು. ನನ್ನ ಚಪ್ಪಲಿಗೇ ಇಷ್ಟು ದನಿಯಿದೆಯೆಂದು ಗೊತ್ತಿರಲಿಲ್ಲ. ಪೇಪರಿನ ಹಾಳೆ ಮಗುಚಿದರೆ ತಗಡಿನ ಮೇಲೆ ನಡೆದ ಹಾಗೆ. ಅಡುಗೆಮನೆಯಲ್ಲಿ ಪದ್ಮ ತನ್ನಷ್ಟಕ್ಕೆ ಗೊಣಗುವ ಮಾತುಗಳೂ ಕೇಳಿಸತೊಡಗಿದವು. ಅವುಗಳ ನಾಯಕ ಬಹುಪಾಲು ನಾನೇ ಆಗಿದ್ದೆ.

ಮಾರನೆಯ ದಿನ ಬೆಳಗ್ಗೆ ಯಲ್ದೂರಿಗೆ ಹೊರಟೆ. ಬರಿಗೈಯಲ್ಲಿ ಹೋಗಬಾರದೆಂದು ಬಾಳೆಹಣ್ಣು ಕೊಳ್ಳಲು ಅಂಜಮ್ಮನ ಹತ್ತಿರ ನಿಂತೆ. ಬೆವರು ಒರೆಸಲು ಮಾಸ್ಕನ್ನು ಸರಕ್ಕನೆ ಎಳೆದೆ. ಕನ್ನಡಕ ಹಾರಿ ಟೊಮೇಟೊ ಮೇಲೆ ಬಿತ್ತು. ಒಂದು ಕಿವಿಯ ಮಷಿನ್ ಅಂಗಿಯ ಜೇಬಿನೊಳಗೆ ಜಾರಿ ಚರಂಡಿಯ ಪಾಲಾಗುವುದರಿಂದ ಉಳಿಯಿತು. ಇನ್ನೊಂದು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಅಂಜಮ್ಮ ಕೊತ್ತಂಬರಿಯ ಕಟ್ಟುಗಳನ್ನು ಒಂದೊಂದಾಗಿ ಕೊಡವಿದಳು. ದಾರಿಹೋಕರು ಮಾರು ದೂರ ಮಾರು ದೂರ ನಿಂತು, ಬಗ್ಗಿ, ನೆಲ ನೋಡಿದರು. ಆಗ ಪಕ್ಕದಲ್ಲಿ ನಿಂತಿದ್ದ ಒಂದು ಹಸು, ಅಂಜಮ್ಮ ಎಸೆದಿದ್ದ ಸೊಪ್ಪಿನ ಕಡ್ಡಿಗಳನ್ನು ನಿಧಾನವಾಗಿ ಜಗಿಯುತ್ತ ನಮ್ಮನ್ನೇ ನೋಡುತ್ತಿರುವುದು ಎಲ್ಲರಿಗೂ ಒಟ್ಟಿಗೆ ಕಂಡಿತು.

"ತಿಂದ್‌ಬಿಟ್ಟಿದೆ ಸಾರ್," ಎಂದಳು ಅಂಜಮ್ಮ. ಇದೊಂದು ಮಾತು ಮಾತ್ರ ಮಾಸ್ಕಿನ ಮೂಲಕವೂ ಅರ್ಥವಾಯಿತು. ಜೇಬಿನಲ್ಲಿ ಉಳಿದ ಮಷಿನ್ ಕಿತ್ತು ಬಿದ್ದ ರಭಸಕ್ಕೆ ಬಾಯಿ ಕಟ್ಟಿಕೊಂಡಿತ್ತು.

ಮನೆಗೆ ವಾಪಸು ಬಂದೆ. ಕೋಲಾರಕ್ಕೆ ಫೋನು ಮಾಡಿಸಿದರೆ ಬೇರೆ ಮಷಿನ್ ಬರಲು ಎರಡು ವಾರ ಬೇಕೆಂದರು. "ಅದು ಬಂದ ಮೇಲೆ ಹೋಗ್ತೀನಿ," ಎಂದು ಕುರ್ಚಿಯಲ್ಲಿ ಕುಕ್ಕರಿಸಿದೆ.

ಪದ್ಮ ಎದುರು ಬಂದು ನಿಂತಳು. ಮನೆಯೊಳಗೆ ಅವಳ ತುಟಿಗೆ ಮರೆಯಿರಲಿಲ್ಲ. "ಅವರಿಗೇನು ನಿಮ್ಮ ಮಷಿನ್ ನೋಡ್ಬೇಕಾಗಿದ್ಯಾ? ಕೇಳ್ಸದಿದ್ರೆ ಕೇಳ್ಸಲ್ಲ ಅಂತ ಹೇಳಿ. ಅಷ್ಟು ಹೇಳಕ್ಕೆ ಯಾವ ಮಷಿನ್ ಬೇಕು? ಎದ್ದೇಳಿ, ಹನ್ನೊಂದೂವರೆ ಬಸ್ಸಿದೆ."

ಎದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಅಭ್ಯಾಸ ಮಾಡಿದೆ. "ನನಗೆ ಕಿವಿ ಕೇಳಿಸುವುದಿಲ್ಲ." ವ್ಯಾಕರಣದ ದೃಷ್ಟಿಯಿಂದ ಅಷ್ಟೇನೂ ಕಷ್ಟದ್ದಲ್ಲ. ಆದರೆ ಬಾಯಿಯಿಂದ ಹೊರಡುವಾಗ ಹಲ್ಲು ಕಿತ್ತ ಹಾಗಾಗುತ್ತಿತ್ತು.

ತೋಟದೊಳಗೆ ರೆಡ್ಡಿ ಒಂದು ಮರದ ಬುಡದಲ್ಲಿ ಒಬ್ಬನೇ ಕೂತಿದ್ದ. ಶೆಡ್ಡಿನ ಮುಂದೆ ಹಣ್ಣಿನ ರಾಶಿ ಹಾಗೆಯೇ ಇತ್ತು. ಹುಳಿ ವಾಸನೆ, ನೊಣ. ಲಾರಿ ಬಂದೇ ಇರಲಿಲ್ಲ. ನನ್ನನ್ನು ಕಂಡು ಟವಲನ್ನು ಮೂಗಿನ ಮೇಲಕ್ಕೆ ಏರಿಸಿ, ಮುಖ ಆ ಕಡೆ ತಿರುಗಿಸಿ ಏನೋ ಅಂದ.

ಒಳ್ಳೆಯ ಮಾತಾಗಿರಲಾರದು. ಹಳೇ ಅಭ್ಯಾಸದಂತೆ "ಅದೂ ನಿಜವೇ" ಎಂದು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

"ರೆಡ್ಡೀ, ನೀನೇನಂದ್ಯೋ ನಂಗೆ ಕೇಳಿಸ್ಲಿಲ್ಲ. ನಂಗೆ ಕಿವಿ ಕೇಳ್ಸಲ್ಲ ಕಣೋ. ಆವತ್ತೂ ಕೇಳಿಸಿರ್ಲಿಲ್ಲ. ನಾನು ಇಲ್ಲೇ ದೂರದಲ್ಲಿ ಕೂರ್ತೀನಿ. ಟವಲ್ ತೆಗ್ದು, ಈ ಕಡೆ ತಿರುಗಿ, ಇನ್ನೊಂದು ಸಲ ಹೇಳು."

ಎದುರಿನ ಸಾಲಿನ ಮರದ ಕೆಳಗೆ ಕೂತೆ. ನಮ್ಮಿಬ್ಬರ ನಡುವೆ ಒಂದು ಎತ್ತಿನ ಗಾಡಿ ತಿರುಗಿಸುವಷ್ಟು ಜಾಗವಿತ್ತು. ರೆಡ್ಡಿ ಈ ಕಡೆ ತಿರುಗಿದ. ಆಮೇಲೆ ಟವಲು ಕಿತ್ತೆಸೆದ. ಕೂಗಿದ.

"ಅಕ್ಕ ಹೋಗ್ಬಿಟ್ಳು ಅಂದೆ! ನೀನು ಕೊಳ್ತು ನಾರ್ತಿತ್ತು ಅಂದೆ! ಫೋನಲ್ಲಿ ಹೇಳೋ ಮಾತಲ್ಲ, ಸ್ವಾಮಿಗೆ ಎದುರಿಗೆ ಕೂತು ಹೇಳ್ಬೇಕು ಅಂತ ಬಸ್ಸತ್ತಿ ಬಂದಿದ್ದೆ ಕಣಯ್ಯಾ ನಾನು!"

ನನ್ನ ಹೆಸರು ನಾರಾಯಣಸ್ವಾಮಿ. ಅವನು ಸ್ವಾಮಿ ಎನ್ನುತ್ತಾನೆ.

"ನಾನು ಮಾವಿನಹಣ್ಣು ಅಂದ್ಕೊಂಡೆ! ಲಾರಿ ಬಂತು, ಲೋಡು ಹೋಗ್ಬಿಡ್ತು ಅಂದ್ಕೊಂಡೆ!" ನಾನೂ ಕೂಗಿದೆ.

ರೆಡ್ಡಿ ರಾಶಿಯ ಕಡೆ ನೋಡಿದ. ನನ್ನ ಕಡೆ ನೋಡಿದ. ಅವನ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾನೆ ಎಂದು ನಾನು ಏಳಲು ಹೋದೆ. ಅವನು ಕೈಯೆತ್ತಿ ಬೇಡವೆಂದ. ಅಳುತ್ತಲೂ ಇದ್ದ, ನಗುತ್ತಲೂ ಇದ್ದ.

"ಅಯ್ಯೋ ದೇವುಡಾ! ಅಕ್ಕ ಇದ್ದಿದ್ರೆ ಇದನ್ನ ಕೇಳಿ ಬಿದ್ದು ಬಿದ್ದು ನಗ್ತಿದ್ಳು ಕಣಯ್ಯಾ!"

ಆಮೇಲೆ ಅವನು ಹೇಳತೊಡಗಿದ. ಗಾಳಿ ಎದ್ದಾಗ ಮಾವಿನೆಲೆಯ ಸದ್ದಿನಲ್ಲಿ ಅರ್ಧ ಮಾತು ಹಾರಿಹೋಗುತ್ತಿತ್ತು. ನಾನು ಬಿಡಲಿಲ್ಲ. "ಏನಂದೆ?" ಎನ್ನುತ್ತಿದ್ದೆ. ಅವನು ಮತ್ತೆ ಹೇಳುತ್ತಿದ್ದ. ಕಡೆಯ ದಿನ ಅಕ್ಕ ಮುದ್ದೆಗೆ ಬಿಸಿ ಸಾಲದು ಎಂದು ಜಗಳವಾಡಿ, ಉಂಡು, ಮಲಗಿ, ಬೆಳಗ್ಗೆ ಏಳಲಿಲ್ಲ. ಮಣ್ಣಿಗೆ ಹೆಚ್ಚು ಜನ ಸೇರಬಾರದು ಎಂದಿದ್ದರು. ಬಂದವರೂ ಹೊಸಲು ದಾಟಲಿಲ್ಲ. ಗೌನಿಪಲ್ಲಿಯಲ್ಲಿದ್ದ ನೆಂಟರು ಕೂಡ ಫೋನಿನಲ್ಲೇ ಮುಗಿಸಿದರು.

ಒಂದು ಮಾತಿನ ನಡುವೆ ಅವನ ದನಿ ಒಡೆಯಿತು. ನನಗೆ "ಕಂಬ" ಎಂಬುದಷ್ಟೇ ಕೇಳಿಸಿತು.

"ಇನ್ನೊಂದು ಸಲ ಹೇಳು."

"ಮೊದಲ್ನೇ ದಿನ ನಾನು ಕಂಬ ಹತ್ತಿದ್ನಲ್ಲ! ಅಕ್ಕ ಬಂದು ಕೆಳಗೆ ಸೆರಗು ಒಡ್ಕೊಂಡು ನಿಂತಿದ್ಳು!"

"ಏನು ಒಡ್ಕೊಂಡು?"

"ಸೆರಗು ಕಣಯ್ಯಾ, ಸೆರಗು! ನಾನು ಬಿದ್ರೆ ಹಿಡಿಯಕ್ಕೆ! ಹೂವು ಹಿಡಿಯಂಗೆ! ಇಳೀವರ್ಗೂ ಹಂಗೇ ನಿಂತಿದ್ಳು!"

ಅವನು ಎದ್ದು ನಿಂತು, ಇಲ್ಲದ ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿ ತೋರಿಸಿದ. ಅರವತ್ತು ದಾಟಿದ, ಪಂಚೆಯುಟ್ಟ ಗಂಡಸು ತೋಟದ ನಡುವೆ ಹಾಗೆ ಮೇಲಕ್ಕೆ ನೋಡುತ್ತ ನಿಂತದ್ದು ಈಗಲೂ ನನ್ನ ಕಣ್ಣಿನಲ್ಲಿದೆ. ನನ್ನ ಕನ್ನಡಕಕ್ಕೆ ಮತ್ತೆ ಆವಿ ಹತ್ತಿತು. ಆಗ ನಾನು ಮಾಸ್ಕು ಹಾಕಿರಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವನೆಂದ, "ಎಲ್ರೂ ಫೋನ್ ಮಾಡಿದ್ರು ಸ್ವಾಮಿ. ವಯಸ್ಸಾಗಿತ್ತಲ್ಲ, ಬಿಡಿ ಅಂದ್ರು. ನೀವು ಹುಷಾರು ಅಂದ್ರು. ಇಟ್ರು. ಅವರಿಗೆಲ್ಲ ಒಂದೇ ಸಲಕ್ಕೆ ಕೇಳಿಸ್ತು ಕಣಯ್ಯಾ. ಇನ್ನೊಂದು ಸಲ ಹೇಳು ಅಂದೋನು ನೀನೊಬ್ನೇ."

ನಮ್ಮ ಕನ್ನಡದಲ್ಲಿ ಒಂದು ಸೊಗಸಿದೆ. ಕಿವಿಗೊಡುವುದಕ್ಕೂ 'ಕೇಳು' ಎನ್ನುತ್ತೇವೆ, ಪ್ರಶ್ನೆ ಹಾಕುವುದಕ್ಕೂ 'ಕೇಳು' ಎನ್ನುತ್ತೇವೆ. ಈ ಎರಡಕ್ಕೂ ಬೇರೆ ಬೇರೆ ಮಾತಿಲ್ಲವಲ್ಲ, ಎಂಥ ಬಡತನ ಎಂದು ಹಿಂದೆ ಯೋಚಿಸಿದ್ದೆ. ಈಗ ಹಾಗನ್ನಿಸುವುದಿಲ್ಲ. ಕಿವಿ ಕೈಕೊಟ್ಟವನಿಗೆ ಮೊದಲನೆಯದಕ್ಕೆ ದಾರಿ ಎರಡನೆಯದೇ. ನನ್ನ ಹೊಸ ಮಷಿನ್ ಬಂದಿದೆ. ಅದಕ್ಕೆ ಪದ್ಮ ದಾರ ಹೊಲಿದು ಅಂಗಿಯ ಗುಂಡಿಗೆ ಕಟ್ಟಿದ್ದಾಳೆ. ಆದರೂ ತಲೆಯಾಡಿಸುವ ವಿದ್ಯೆಯನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಬ್ಯಾಂಕಿನಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ನಾಚಿಕೆಯಿಲ್ಲದೆ ಮತ್ತೆ ಕೇಳುತ್ತೇನೆ. ಕೆಲವರು ಸಿಡುಕುತ್ತಾರೆ. ಸಿಡುಕಿದ್ದೂ ಸರಿಯಾಗಿ ಕೇಳಿಸದಿದ್ದರೆ ಅದನ್ನೂ ಇನ್ನೊಂದು ಸಲ ಹೇಳಿಸುತ್ತೇನೆ.

ಆ ದಿನ ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ತೋಟದ ಬೇಲಿಯವರೆಗೆ ಬಂದಿದ್ದೆ. ಹಿಂದಿನಿಂದ ರೆಡ್ಡಿ ಏನೋ ಕೂಗಿದ ಹಾಗಾಯಿತು. ತಿರುಗಿ, ಅವನ ತುಟಿ ಕಾಣುವಷ್ಟು ಹತ್ತಿರಕ್ಕೆ ವಾಪಸು ನಡೆದೆ.

"ಏನಂದೆ?"

"ನಾಳೆ ಬರ್ತೀಯಾ ಅಂದೆ! ಅಕ್ಕಂದು ಇನ್ನೂ ಬೇಕಾದಷ್ಟೈತೆ, ಹೇಳಾದು!"

"ಬರ್ತೀನಿ!" ಎಂದೆ.

ಗಾಳಿ ಬೀಸಿ ಎಲೆಗಳು ಸದ್ದು ಮಾಡಿದವು. ರೆಡ್ಡಿ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಕತ್ತು ಮುಂದೆ ಚಾಚಿ ಕೂಗಿದ.

"ಏಮಯ್ಯಾ? ಏನಂದೆ?"